ಇಬ್ಬರೂ ಒಟ್ಟಿಗೆ ಕೂತು ಉಣ್ಣುವ ರಾತ್ರಿ: ಮನೆಯಲ್ಲೇ ಇಬ್ಬರ ಊಟ ತಯಾರಿಸುವ ಬಗೆ

ಮದುವೆಯಾದ ಮೊದಲ ವರ್ಷ ಹೆಂಡತಿಯ ಹುಟ್ಟುಹಬ್ಬಕ್ಕೆ ನಾನೇ ಅಡುಗೆ ಮಾಡುತ್ತೇನೆ ಅಂತ ಹೊರಟೆ. ನೀರ್ ದೋಸೆ, ಕಾಯಿ ಅರೆದು ಮಾಡುವ ಕೋಳಿ ಗಸಿ, ಮೇಜಿನ ಮೇಲೊಂದು ಮೇಣದ ಬತ್ತಿ. ದೋಸೆ ಬಿಸಿಬಿಸಿ ಇರಬೇಕಲ್ವಾ ಅಂತ ನಾನು ಕಾವಲಿ ಎದುರು ನಿಂತೆ. ಒಂದೊಂದೇ ಹೊಯ್ದು ಒಂದೊಂದೇ ತಂದು ಬಡಿಸಿದೆ. ಅವಳು ಒಬ್ಬಳೇ ಕೂತು ಏಳು ದೋಸೆ ತಿಂದು ಮುಗಿಸಿದಳು. ನನ್ನ ಸರದಿ ಬರುವಾಗ ಗಸಿ ತಣ್ಣಗಾಗಿತ್ತು, ಬತ್ತಿ ಅರ್ಧ ಇಂಚಿಗೆ ಇಳಿದಿತ್ತು. "ಊಟ ಭಾರೀ ಚಂದ ಆಯ್ತು. ಆದ್ರೆ ಹೋಟೆಲಿನಲ್ಲಿ ಒಬ್ಬಳೇ ಕೂತ ಹಾಗಾಯ್ತು ಮಾರಾಯ್ರೆ" ಅಂದಳು.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಒಬ್ಬರು ಬಡಿಸುವುದು, ಇನ್ನೊಬ್ಬರು ಉಣ್ಣುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಕೂತು, ನಡುವೆ ಯಾರೂ ಏಳದೆ ಉಣ್ಣುವುದು ಅಪರೂಪ. ಹಾಗಾಗಿ ಯಾವ ಪದಾರ್ಥ ಮಾಡುವುದು ಅಂತ ಯೋಚಿಸುವಾಗ ರುಚಿಗಿಂತ ಮೊದಲು ಒಂದು ಮಾತು ಕೇಳಿಕೊಳ್ಳಿ. ಇದು ಕಡೇ ಗಳಿಗೆಯಲ್ಲಿ ನನ್ನನ್ನು ಎಷ್ಟು ಹೊತ್ತು ಒಲೆ ಎದುರು ನಿಲ್ಲಿಸುತ್ತದೆ? ಹತ್ತು ನಿಮಿಷಕ್ಕಿಂತ ಜಾಸ್ತಿ ಅಂತಾದರೆ ಬೇಡ.

ಮೊದಲು ಮನೆ ಖಾಲಿಯಾಗಬೇಕು

ಅಡುಗೆ ಪುಸ್ತಕಗಳಲ್ಲಿ ಈ ಹಂತ ಇರುವುದಿಲ್ಲ. ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮಂಥ ಮನೆಯಲ್ಲಿ ಅಪ್ಪ, ಅಮ್ಮ, ತಮ್ಮ, ಹೇಳದೆ ಬರುವ ಚಿಕ್ಕಪ್ಪ, ಎಲ್ಲರೂ ಇರುತ್ತಾರೆ. ಇಬ್ಬರಿಗೆ ಮಾತ್ರ ಅಡುಗೆ ಮಾಡಿ ಬಾಗಿಲು ಹಾಕಿಕೊಳ್ಳಲು ಆಗುತ್ತದಾ? ನನ್ನ ಉಪಾಯ ಯಕ್ಷಗಾನ. ಮೇಳಗಳ ತಿರುಗಾಟ ನವೆಂಬರಿನ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುವರು ಆಟ, ಕೋಲಗಳನ್ನು ನಿಲ್ಲಿಸುವ ದಿನಕ್ಕೆ, ಮುಗಿಯುತ್ತದೆ. ಹತ್ತಿರದಲ್ಲಿ ಯಕ್ಷಗಾನದ ಆಟ ಇದೆ ಅಂದರೆ ಸಂಜೆ ಆರಕ್ಕೆ ನಮ್ಮ ಮನೆ ಖಾಲಿ. ಮೊದಲಾದರೆ ಬೆಳಗಿನ ಜಾವದವರೆಗೆ ಯೋಚನೆಯೇ ಇರಲಿಲ್ಲ. ಈಗ ಕಾಲಮಿತಿ ಆಟ ಜಾಸ್ತಿ. ಹನ್ನೆರಡಕ್ಕೆಲ್ಲ ಮಂಗಳ ಹಾಡಿಬಿಡುತ್ತಾರೆ, ಹನ್ನೆರಡೂವರೆಗೆ ಜೀಪಿನ ಬೆಳಕು ಅಂಗಳಕ್ಕೆ ಬೀಳುತ್ತದೆ. ಎಂಟಕ್ಕೆ ಊಟಕ್ಕೆ ಕೂತರೆ ಧಾರಾಳ ಸಮಯ ಸಿಗುತ್ತದೆ. ಫೆಬ್ರವರಿ 14 ಕೂಡ ಆಟದ ಕಾಲದಲ್ಲೇ ಬರುವುದು ನಮ್ಮ ಪುಣ್ಯ.

ಮನೆಯಲ್ಲಿ ನೀವಿಬ್ಬರೇ ಇರುವುದಾದರೆ ಈ ಹಂತ ದಾಟಿ ಮುಂದೆ ಹೋಗಿ.

ಇನ್ನೊಂದು ಮಾತು. ಗುಟ್ಟಾಗಿ ಮಾಡಿ ಸಂಗಾತಿಯನ್ನು ಆಶ್ಚರ್ಯಪಡಿಸಲು ಹೋಗಬೇಡಿ. ಮೆಣಸು ಹುರಿದ ಘಾಟು ಗೇಟಿನ ತನಕ ಹೋಗುತ್ತದೆ, ಗುಟ್ಟು ಎಲ್ಲಿ ಉಳಿಯುತ್ತದೆ? ಅದಕ್ಕಿಂತ ದೊಡ್ಡ ಅಪಾಯ ಸಂಜೆಯ ಚಹಾ. ಗೊತ್ತಿಲ್ಲದೆ ಅವರು ಪೇಟೆಯಲ್ಲಿ ಎರಡು ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತಿಂದು ಬಂದರೆ ನಿಮ್ಮ ಅಡುಗೆ ಮಣ್ಣುಪಾಲು. ಬೆಳಿಗ್ಗೆಯೇ ಹೇಳಿ: ಇವತ್ತು ರಾತ್ರಿ ಊಟ ನನ್ನದು, ಸಂಜೆ ಏನೂ ತಿನ್ನಬೇಡ.

ಯಾವುದು ಯಾಕೆ

ನನ್ನ ಊಟದಲ್ಲಿ ಐದು ಇರುತ್ತವೆ. ಕುಡಿಯಲು ಪುನರ್ಪುಳಿ (ಕೋಕಂ) ಶರಬತ್ತು. ಅಂಜಲ್ ಮೀನಿನ ಎರಡು ತುಂಡು ಹುರಿದದ್ದು. ಕೋಳಿ ಗಸಿ, ನೀರ್ ದೋಸೆ. ಕೊನೆಗೆ ಎಳನೀರು ಪಾಯಸ. ಇದರಲ್ಲಿ ಕೂರುವ ಹೊತ್ತಿಗೆ ಮಾಡಬೇಕಾದದ್ದು ಮೀನು ಮಾತ್ರ. ಉಳಿದದ್ದೆಲ್ಲ ಮೊದಲೇ ಮುಗಿಯುತ್ತದೆ. ಹೌದು, ನೀರ್ ದೋಸೆ ಕೂಡ. ಅದರ ಉಪಾಯ ಮುಂದೆ ಹೇಳುತ್ತೇನೆ.

ಮೀನಿನಲ್ಲಿ ಅಂಜಲೇ ಯಾಕೆ? ಅಮ್ಮನಿಂದ ಕಲಿತದ್ದು. ಆ ಮೊದಲ ವರ್ಷದ ಮೇಣದ ಬತ್ತಿ ನೋಡಿ ಅಮ್ಮ, "ಕತ್ತಲೆಯಲ್ಲಿ ಎಂತ ಊಟ ಮಗಾ, ಮೀನಿನ ಮುಳ್ಳು ಕಾಣ್ಬೇಡ್ವಾ?" ಅಂತ ಕೇಳಿದ್ದರು. ನಗು ಬಂದರೂ ಮಾತು ಸರಿ. ಮಂದ ಬೆಳಕಿನಲ್ಲಿ ಬಂಗುಡೆಯ ಮುಳ್ಳು ಬಿಡಿಸುವುದು ಕಷ್ಟ. ಅಂಜಲ್ ತುಂಡಿನಲ್ಲಿ ನಡುವೆ ಒಂದೇ ಎಲುಬು, ಬೆರಳಿಗೇ ಸಿಗುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ನೆನಪಿಡಿ, ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ ಕೇರಳದ ಕಡಲಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಒಳ್ಳೆಯ ಮೀನು ಕಮ್ಮಿ, ಕ್ರಯ ಜಾಸ್ತಿ. ಆಗ ಮೀನು ಬಿಟ್ಟು ಜೀಗುಜ್ಜೆಯನ್ನು (ದೀವಿ ಹಲಸು) ಅರ್ಧ ಇಂಚು ದಪ್ಪಕ್ಕೆ ಹೆಚ್ಚಿ ಅದೇ ಮಸಾಲೆ ಹಚ್ಚಿ ಹುರಿಯಿರಿ. ಸಸ್ಯಾಹಾರಿಗಳಿಗೂ ಇದೇ ದಾರಿ. ಕೋಳಿಯ ಬದಲು ಬೇಯಿಸಿದ ಕಡ್ಲೆ ಮತ್ತು ತೊಂಡೆಕಾಯಿ ಹಾಕಿದರೆ ಗಸಿ ಏನೂ ಕಡಿಮೆಯಾಗುವುದಿಲ್ಲ.

ಬೆಳಿಗ್ಗೆ: ಪಾಯಸ ಮತ್ತು ನೆನೆ ಹಾಕುವುದು

ಪಾಯಸ ಮೊದಲು. ಅದಕ್ಕೆ ಫ್ರಿಜ್ಜಿನಲ್ಲಿ ಕಮ್ಮಿ ಎಂದರೂ ನಾಲ್ಕು ಗಂಟೆ ಬೇಕು.

ಬೊಂಡ, ಅಂದರೆ ಎಳನೀರು ಕಾಯಿ, ತರುವಾಗ ಸುಮ್ನೆ ಎರಡು ಕೊಡಿ ಅನ್ನಬೇಡಿ. ಗಂಜಿ (ಎಳೆ ತಿರುಳು) ಇರುವ ಬೊಂಡ ಅಂತ ಕೇಳಿ. ತಿರುಳು ಚಮಚದಲ್ಲಿ ಕೆರೆದರೆ ಹಾಳೆಯಂತೆ ಎದ್ದು ಬರಬೇಕು. ತೀರಾ ಎಳತಾದರೆ ಲೋಳೆ, ಬಲಿತರೆ ಹಲ್ಲಿಗೆ ಸಿಗುವ ಕಾಯಿ. ಅರ್ಧ ಲೀಟರ್ ಹಾಲನ್ನು ಸಣ್ಣ ಉರಿಯಲ್ಲಿ ಮೂರನೇ ಒಂದು ಪಾಲು ಇಂಗುವ ತನಕ ಕುದಿಸಿ. 3 ದೊಡ್ಡ ಚಮಚ ಸಕ್ಕರೆ, ಎರಡು ಏಲಕ್ಕಿ ಗುದ್ದಿ ಹಾಕಿ. ಪೂರ್ತಿ ತಣ್ಣಗಾಗಲಿ. ಬೊಂಡದ ತಿರುಳಿನ ಅರ್ಧವನ್ನು ಸ್ವಲ್ಪ ಎಳನೀರು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಉಳಿದರ್ಧವನ್ನು ಸಣ್ಣಗೆ ಹೆಚ್ಚಿ. ಎರಡನ್ನೂ, ಅರ್ಧ ಲೋಟ ದಪ್ಪ ತೆಂಗಿನ ಹಾಲನ್ನೂ ತಣ್ಣಗಿನ ಹಾಲಿಗೆ ಸೇರಿಸಿ ಫ್ರಿಜ್ಜಿಗೆ ಇಡಿ. ಹಾಲು ಬಿಸಿ ಇರುವಾಗ ಸೇರಿಸಿದರೆ ಒಡೆಯುತ್ತದೆ. ಗೋಡಂಬಿಯನ್ನು ತುಪ್ಪದಲ್ಲಿ ಹುರಿದು ಈಗಲೇ ಹಾಕಬೇಡಿ. ಫ್ರಿಜ್ಜಿನ ತಂಪಿಗೆ ತುಪ್ಪ ಗಟ್ಟಿಯಾಗಿ ಮೇಲೆ ಬಿಳಿ ಚುಕ್ಕೆಗಳು ತೇಲುತ್ತವೆ. ನನಗೆ ಒಮ್ಮೆ ಹಾಗಾಗಿದೆ, ಹಾಲು ಕೆಟ್ಟಿದೆ ಅಂದುಕೊಂಡು ಅರ್ಧ ಪಾಯಸ ಚೆಲ್ಲಿಬಿಟ್ಟೆ.

ಮಧ್ಯಾಹ್ನದ ಊಟವಾದ ಮೇಲೆ ಎರಡು ನೆನೆ ಹಾಕುವ ಕೆಲಸ. 1 ಲೋಟ ಬೆಳ್ತಿಗೆ ಅಕ್ಕಿ (ಕುಚ್ಚಿಲು ಅಲ್ಲದ ಬಿಳಿ ಅಕ್ಕಿ) ತೊಳೆದು ನೀರಿಗೆ. 8–10 ಒಣ ಪುನರ್ಪುಳಿ ಸಿಪ್ಪೆ ಒಂದು ಲೋಟ ಬಿಸಿನೀರಿಗೆ. ಪುನರ್ಪುಳಿಯದ್ದು ಅಷ್ಟೇ ಕೆಲಸ. ಒಂದೆರಡು ಗಂಟೆ ಬಿಟ್ಟು ಹಿಚುಕಿ ಸೋಸಿ, ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಹಾಕಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗೆ ಇಟ್ಟರೆ ಮುಗಿಯಿತು. ಕುಡಿಯುವಾಗ ತಣ್ಣೀರು ಬೆರೆಸಿದರಾಯಿತು.

ಮಧ್ಯಾಹ್ನ ಮೂರಕ್ಕೆ: ಗಸಿ

ಇಲ್ಲಿ ಅವಸರ ಬೇಡ. ಇಡೀ ಊಟ ನಿಲ್ಲುವುದೇ ಗಸಿಯ ಮೇಲೆ.

ಇಬ್ಬರಿಗೆ ಎಲುಬಿರುವ ಕೋಳಿ ಅರ್ಧ ಕಿಲೋ ಸಾಕು. ಮಸಾಲೆಗೆ 7 ಬ್ಯಾಡಗಿ ಮೆಣಸು, ಖಾರ ಬೇಕಾದರೆ 2 ಗಿಡ್ಡ ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ, ಅರ್ಧ ಸಣ್ಣ ಚಮಚ ಜೀರಿಗೆ, 8 ಕಾಳುಮೆಣಸು, ಹತ್ತು ಹನ್ನೆರಡು ಕಾಳು ಮೆಂತೆ. ಜತೆಗೆ ಅರಶಿನ, 5 ಎಸಳು ಬೆಳ್ಳುಳ್ಳಿ, ಒಂದು ನೀರುಳ್ಳಿ, ಗೋಲಿಯಷ್ಟು ಹುಣಸೆಹುಳಿ, 1 ಲೋಟ ಕಾಯಿತುರಿ. ಕೊನೆಗೆ ಸೇರಿಸಲು ಅರ್ಧ ಲೋಟ ದಪ್ಪ ತೆಂಗಿನ ಹಾಲು. ನೋಡಿ, 1916ರಷ್ಟು ಹಿಂದೆಯೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ಕಾಸರಗೋಡು. ಇಲ್ಲಿ ಕೂತು ಪ್ಯಾಕೆಟಿನ ತೆಂಗಿನ ಹಾಲಿನ ಪುಡಿ ಕಲಸುವುದು ನನಗಂತೂ ನಾಚಿಕೆ. ಕಾಯಿ ಹೆರೆದು ಹಿಂಡಿ. ಎರಡು ಕಾಯಿ ಇದ್ದರೆ ಪಾಯಸಕ್ಕೂ ಗಸಿಗೂ ಆಯಿತು.

ಹುರಿಯುವುದು ಒಂದೊಂದನ್ನೇ. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಹಸಿ ಉಳಿದು ಮೆಂತೆ ಕರಿದು ಹೋಗುತ್ತದೆ. ಅರ್ಧ ಚಮಚ ತೆಂಗಿನೆಣ್ಣೆ, ಸಣ್ಣ ಉರಿ. ಮೊದಲು ಮೆಣಸು. ಉಬ್ಬಿ, ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುವಾಗ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಆ ಮೆಣಸನ್ನು ಪಕ್ಕಕ್ಕೆ ಇಡಿ, ಒಂದೇ ಮೆಣಸು ಸಾಕು ಗಸಿ ಕಹಿಯಾಗಲು. ಆಮೇಲೆ ಕೊತ್ತಂಬರಿ, ಕಾಳುಮೆಣಸು. ಜೀರಿಗೆ ಅದರ ನಂತರ. ಮೆಂತೆ ಕೊನೆಗೆ, ಬಣ್ಣ ತಿರುಗುವಷ್ಟರಲ್ಲಿ ಒಲೆಯಿಂದ ಇಳಿಸಬೇಕು. ಅದೇ ಬಾಣಲೆಯಲ್ಲಿ ಅರ್ಧ ನೀರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಕಾಯಿತುರಿಯನ್ನು ಹುರಿಯಬೇಡಿ. ಕಾಯಿ ಹುರಿದರೆ ಬೇರೆಯೇ ಪದಾರ್ಥ, ಗಸಿಯ ಕೆಂಪು ಬರುವುದಿಲ್ಲ.

ಎಲ್ಲವನ್ನೂ ಹುಣಸೆಹುಳಿ, ಅರಶಿನ ಸೇರಿಸಿ ಗಂಧದ ಹಾಗೆ ನುಣ್ಣಗೆ ರುಬ್ಬಿ. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ತರಿ ಸಿಕ್ಕಿದರೆ ಇನ್ನೊಂದು ಸುತ್ತು. ಮಿಕ್ಸಿ ಬಿಸಿಯಾದರೆ ಸ್ವಲ್ಪ ನಿಲ್ಲಿಸಿ.

ಕೋಳಿಯನ್ನು ಉಳಿದ ನೀರುಳ್ಳಿ, ಉಪ್ಪು, ಒಂದು ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. 20 ನಿಮಿಷ ಸಾಕಾಗುತ್ತದೆ. ಬೆಂದ ಮೇಲೆ ಮಸಾಲೆ ಸೇರಿಸಿ ಇನ್ನೊಂದು ಹತ್ತು ನಿಮಿಷ ಕುದಿಸಿ. ಹಸಿ ವಾಸನೆ ಹೋಗಿ ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸುವಾಗ ಒಲೆ ಆರಿಸಿ. ತೆಂಗಿನ ಹಾಲು ಈಗ ಹಾಕಬೇಡಿ. ಬಿಸಿ ಆರಿದ ತಕ್ಷಣ ಪಾತ್ರೆ ಫ್ರಿಜ್ಜಿಗೆ. ಕರಾವಳಿಯ ಸೆಕೆಯಲ್ಲಿ ಕಾಯಿ ಹಾಕಿದ ಕೋಳಿ ಪದಾರ್ಥವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡುವುದು ಒಳ್ಳೆಯದಲ್ಲ. ಹೊಟ್ಟೆ ಕೆಟ್ಟು ಮುಗಿಯುವ ರಾತ್ರಿಯಲ್ಲಿ ಪ್ರೀತಿ ಎಲ್ಲಿ ಬಂತು? ಇನ್ನೊಂದು ಲಾಭವೂ ಇದೆ. ಮೂರು ನಾಲ್ಕು ಗಂಟೆ ಕೂತ ಗಸಿಯಲ್ಲಿ ಉಪ್ಪು, ಹುಳಿ ಮಾಂಸದ ಒಳಕ್ಕೆ ಇಳಿದಿರುತ್ತದೆ.

ಸಂಜೆ: ಮೀನು, ಹೂವು, ದೀಪ

ಮೀನನ್ನು ಬೆಳಿಗ್ಗೆಯೇ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದೀರಿ ಅಂತಿಟ್ಟುಕೊಳ್ಳೋಣ. ಅರ್ಧ ಇಂಚು ದಪ್ಪದ ಎರಡು ತುಂಡು. ಅದಕ್ಕಿಂತ ತೆಳ್ಳಗಾದರೆ ಒಣಗಿ ಹೋಗುತ್ತದೆ. ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರಶಿನ, ಕಾಳುಮೆಣಸಿನ ಪುಡಿ, ಶುಂಠಿ ಬೆಳ್ಳುಳ್ಳಿ ಅರೆದದ್ದು, ಉಪ್ಪು, ಲಿಂಬೆರಸ, ಒಂದು ಚಮಚ ಅಕ್ಕಿ ಹಿಟ್ಟು ಗಟ್ಟಿಯಾಗಿ ಕಲಸಿ ಹಚ್ಚಿ ಏಳು ಗಂಟೆಯ ಹೊತ್ತಿಗೆ ಮತ್ತೆ ಫ್ರಿಜ್ಜಿಗೆ ಇಡಿ. ಒಂದು ತಟ್ಟೆಯಲ್ಲಿ ಸಣ್ಣ ರವೆ ಹರಡಿ ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಆ ಗಳಿಗೆಯಲ್ಲಿ ರವೆ ಡಬ್ಬಿ ಹುಡುಕಿಕೊಂಡು ಹೋಗುವ ಹಾಗಾಗಬಾರದು.

ಹೂವು ಅಂದರೆ ನನಗೆ ಮಲ್ಲಿಗೆಯೇ. ಗುಲಾಬಿಗೆ ಬೆಲೆ ಜಾಸ್ತಿ, ವಾಸನೆ ಕಮ್ಮಿ. ಒಂದು ಚೆಂಡು ಮಲ್ಲಿಗೆ ತಂದು ಬಾಳೆಲೆಯಲ್ಲಿ ಸುತ್ತಿದ ಹಾಗೆಯೇ ಇಡಿ. ಮೇಜಿನ ಮೇಲೆ ಹರಡಬೇಡಿ. ಮಲ್ಲಿಗೆಯ ಪರಿಮಳಕ್ಕೂ ಹುರಿದ ಮೀನಿನ ವಾಸನೆಗೂ ಹೊಂದುವುದಿಲ್ಲ. ಅದರ ಜಾಗ ಮುಡಿಯಲ್ಲಿ.

ಮೇಣದ ಬತ್ತಿಯ ಕಷ್ಟ ಬೇರೆ. ನಮ್ಮ ಕಡೆ ಬತ್ತಿ ಹಚ್ಚಿದರೆ ದಾರಿಯಲ್ಲಿ ಹೋಗುವವರು "ನಿಮ್ಮಲ್ಲಿ ಕರೆಂಟಿಲ್ವಾ?" ಅಂತ ಕೇಳಿಕೊಂಡೇ ಒಳಗೆ ಬರುತ್ತಾರೆ. ಅದಕ್ಕೆ ಜಗಲಿಯ ಲೈಟು ಉರಿಯುತ್ತಿರಲಿ. ಎರಡನೆಯದು ಫ್ಯಾನು. ಮಾರ್ಚ್ ಏಪ್ರಿಲಿನಲ್ಲಿ ಫ್ಯಾನಿಲ್ಲದೆ ಕೂರಲು ಸಾಧ್ಯವಿಲ್ಲ, ಫ್ಯಾನು ಹಾಕಿದರೆ ಬತ್ತಿ ನಿಲ್ಲುವುದಿಲ್ಲ. ನನ್ನ ಪರಿಹಾರ ಗೆರಟೆ, ಅಂದರೆ ತೆಂಗಿನ ಚಿಪ್ಪು. ಎರಡು ಗೆರಟೆಯನ್ನು ಚೆನ್ನಾಗಿ ಉಜ್ಜಿ, ಅರ್ಧಕ್ಕೆ ಹೊಯಿಗೆ (ಮರಳು) ತುಂಬಿ, ನಡುವೆ ಗಿಡ್ಡ ಬತ್ತಿ ಊರಿ, ಅದರ ಸುತ್ತ ತಳ ಕತ್ತರಿಸಿದ ಗಾಜಿನ ಚಿಮಣಿ ಇಟ್ಟೆ. ಬೆಳಕು ಕೆಳಗಿನಿಂದ ಬರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ, ಎದುರಿನ ಮುಖ ಕಾಣುತ್ತದೆ. ಚಿಮಣಿ ಇಲ್ಲದಿದ್ದರೆ ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯ ಒಳಗೇ ಬತ್ತಿ ನಿಲ್ಲಿಸಿದರೂ ಆಗುತ್ತದೆ. ಮೊದಲ ಮಳೆ ಬಿದ್ದ ರಾತ್ರಿ ಮಾತ್ರ ಬತ್ತಿಯ ಆಸೆ ಬಿಡಿ. ಹಾತೆಗಳು ಗಸಿಗೇ ಬೀಳುತ್ತವೆ.

ತಟ್ಟೆಯೋ ಬಾಳೆಲೆಯೋ? ಕೊಡಿ ಎಲೆ (ಬಾಳೆಲೆಯ ತುದಿ) ನೋಡಲು ಚಂದ. ಆದರೆ ಗಸಿ ನೀರಾಗಿದ್ದರೆ ಎಲೆಯಿಂದ ಇಳಿದು ಮಡಿಲಿಗೆ ಬರುತ್ತದೆ, ಅದೂ ಹೊಸ ಸೀರೆಯ ಮೇಲೆ. ಎಲೆಯನ್ನು ಒಲೆಯ ಮೇಲೆ ಒಮ್ಮೆ ಬಾಡಿಸಿ, ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ ಸ್ಟೀಲ್ ತಟ್ಟೆಯೊಳಗೆ ಹಾಸಿದರೆ ಎರಡೂ ಆಯಿತು.

ಏಳಕ್ಕೆ: ನೀರ್ ದೋಸೆ, ಮೊದಲೇ ಮಾಡಿ ಇಡುವ ಬಗೆ

ನೆನೆದ ಅಕ್ಕಿಯನ್ನು ಎರಡು ದೊಡ್ಡ ಚಮಚ ಕಾಯಿತುರಿಯೊಂದಿಗೆ ತುಂಬ ನುಣ್ಣಗೆ ರುಬ್ಬಿ, ಉಪ್ಪು ಹಾಕಿ ನೀರು ಬೆರೆಸಿ. ಒಂದು ಲೋಟ ಅಕ್ಕಿಗೆ ಒಟ್ಟು ಎರಡೂವರೆ ಲೋಟದ ಆಸುಪಾಸು ನೀರು ಹಿಡಿಯುತ್ತದೆ. ಹಿಟ್ಟು ಮಜ್ಜಿಗೆಯ ಹಾಗೆ ಇರಬೇಕು. ಹೊಸಬರು ಹೆದರಿ ದಪ್ಪ ಮಾಡುತ್ತಾರೆ, ದೋಸೆ ರಬ್ಬರಾಗುವುದು ಅದಕ್ಕೇ. ಇಷ್ಟು ಹಿಟ್ಟಿಗೆ ಹನ್ನೆರಡು ದೋಸೆ ಬರುತ್ತದೆ.

ಕಾವಲಿ ಚೆನ್ನಾಗಿ ಕಾಯಲಿ. ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ತಿಕ್ಕಿ. ಅಕ್ಕಿ ತಳಕ್ಕೆ ಇಳಿಯುವುದರಿಂದ ಪ್ರತಿ ಸಲ ಸೌಟಿನಲ್ಲಿ ತಳದಿಂದ ಕಲಕಿ, ಕಾವಲಿಯ ಅಂಚಿನಿಂದ ಶುರುಮಾಡಿ ನಡುವಿಗೆ ಹೊಯ್ಯಿರಿ. ಚುಯ್ ಅಂತ ಸದ್ದು ಬಂದು ತೂತು ತೂತಾಗಬೇಕು. ಸದ್ದಿಲ್ಲ ಅಂದರೆ ಕಾವು ಸಾಲದು. ಮುಚ್ಚಿ ಒಂದು ನಿಮಿಷ, ಅಂಚು ತಾನೇ ಏಳುತ್ತದೆ. ಮಗುಚಬೇಡಿ. ಮೊದಲನೆಯದು ಹರಿದೇ ಹರಿಯುತ್ತದೆ, ನಮ್ಮಲ್ಲಿ ಅದು ಬೆಕ್ಕಿನ ಪಾಲು.

ಈಗ ಆ ಉಪಾಯ. ಕಾವಲಿಯಿಂದ ತೆಗೆದ ದೋಸೆಯನ್ನು ಕೂಡಲೇ ಮಡಚಿ ಪೇರಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಗೆರಸೆಯ (ಮೊರ) ಮೇಲೆ ಬಾಳೆಲೆ ಹಾಸಿ, ದೋಸೆಯನ್ನು ಬಿಡಿಸಿ ಹರಡಿ ಹಬೆ ಹೋಗಲು ಬಿಡಿ. ಮುಂದಿನ ದೋಸೆ ಬೇಯುವಷ್ಟು ಹೊತ್ತು ಸಾಕು. ಆಮೇಲೆ ನಾಲ್ಕು ಮಡಿಕೆ ಮಾಡಿ ಹಾಟ್‌ಬಾಕ್ಸಿನಲ್ಲಿ ಹತ್ತಿ ಬಟ್ಟೆ ಹಾಸಿ ಇಟ್ಟು, ಬಟ್ಟೆಯನ್ನೇ ಮೇಲೂ ಹೊದೆಸಿ. ಮುಚ್ಚಳದಲ್ಲಿ ಕೂತ ಹಬೆಯ ನೀರು ಬಟ್ಟೆಗೆ ಇಂಗುತ್ತದೆ, ದೋಸೆಗೆ ಬೀಳುವುದಿಲ್ಲ. ಒಂದೂವರೆ ಗಂಟೆಯ ತನಕ ಮೆತ್ತಗೆ, ಬೆಚ್ಚಗೆ ಇರುತ್ತದೆ. ಕಾವಲಿಯ ಬಿಸಿ ಇರುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಗಸಿ ಬಿಸಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದೂ ಬೇಡ ಅನ್ನುವವರಿಗೆ ಅಂಗಡಿಯ ಒಣ ರೊಟ್ಟಿ ಇದೆ, ಮೇಲಿನಿಂದ ಗಸಿ ಹೊಯ್ದರೆ ಆಯಿತು.

ಕೊನೆಯ ಅರ್ಧ ಗಂಟೆ

ಏಳೂವರೆಗೆ ನೀವು ಸ್ನಾನ ಮುಗಿಸಿರಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಬೆಳ್ಳುಳ್ಳಿ, ಮೀನು, ಬೆವರು ಮೂರೂ ಸೇರಿದ ಬನಿಯನ್ನಿನಲ್ಲಿ ಎಷ್ಟು ಚಂದದ ಅಂಚಿನ ಕಾಸರಗೋಡು ಸೀರೆಯ ಎದುರೂ ಕೂರಲು ಆಗುವುದಿಲ್ಲ.

ಗಸಿಯನ್ನು ಸಣ್ಣ ಉರಿಯಲ್ಲಿ ಇಟ್ಟು ಒಮ್ಮೆ ಚೆನ್ನಾಗಿ ಕುದಿಸಿ. ಉರಿ ತಗ್ಗಿಸಿ ತೆಂಗಿನ ಹಾಲು ಹೊಯ್ಯಿರಿ, ಅಂಚಿನಲ್ಲಿ ಸಣ್ಣ ಗುಳ್ಳೆ ಬರುವಾಗ ಆರಿಸಿ. ಹಾಲು ಹಾಕಿದ ಮೇಲೆ ಕೊತಕೊತ ಕುದಿಸಿದರೆ ಒಡೆದು ಮೇಲೆ ಎಣ್ಣೆ, ಕೆಳಗೆ ನೀರು. ಒಗ್ಗರಣೆಗೆ ತೆಂಗಿನೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ನೀರುಳ್ಳಿ ಕೆಂಪಾಗುವ ತನಕ ಹುರಿದು ಕರಿಬೇವಿನ ಸೊಪ್ಪು ಹಾಕಿ. ಮುಚ್ಚಿಡಿ.

ಮೊಬೈಲ್ ಎರಡನ್ನೂ ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ನೀರು, ಉಪ್ಪು, ಇನ್ನೊಂದು ಸೌಟು, ಕೈ ಒರೆಸುವ ಬಟ್ಟೆ, ದೋಸೆಯ ಡಬ್ಬಿ, ಗಸಿಯ ಪಾತ್ರೆ ಎಲ್ಲ ಮೇಜಿನ ಮೇಲೆಯೇ ಬರಲಿ. ಒಮ್ಮೆ ಕೂತು ನೋಡಿ, ಕೈ ಚಾಚಿದರೆ ಎಲ್ಲ ಸಿಗುತ್ತದಾ ಅಂತ. ಸಿಗದ ವಸ್ತುವಿಗಾಗಿ ನೀವು ಏಳುತ್ತೀರಿ, ಎದ್ದವರು ಹಾಗೆಯೇ ಗ್ಯಾಸಿನ ಹತ್ತಿರ ಹೋಗಿ ಏನೋ ಒಂದು ಕೆಲಸ ಶುರು ಮಾಡುತ್ತೀರಿ.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಪುನರ್ಪುಳಿ ಲೋಟ ಅವರ ಕೈಗೆ ಕೊಡಿ. ಅಡುಗೆಮನೆಗೇ ಒಂದು ಕುರ್ಚಿ ತನ್ನಿ. ಮೀನು ಹುರಿಯುವ ಆ ಎಂಟು ನಿಮಿಷ ಮಾತ್ರ ನೀವು ನಿಂತಿರುತ್ತೀರಿ, ಆಗ ಅವರು ಪಕ್ಕದಲ್ಲೇ ಕೂತು ಮಾತಾಡಲಿ. ತೆಂಗಿನೆಣ್ಣೆ ಕಾದ ಮೇಲೆ ಮೀನಿಗೆ ರವೆ ಒತ್ತಿ ಇಳಿಸಿ, ನಡು ಉರಿಯಲ್ಲಿ ಒಂದು ಬದಿಗೆ ನಾಲ್ಕು ನಿಮಿಷ. ಅಂಚು ಕಂದಾಗುವ ತನಕ ಮುಟ್ಟಬೇಡಿ. ಅವಸರದಲ್ಲಿ ಮಗುಚಿದರೆ ಮಸಾಲೆಯೆಲ್ಲ ಕಾವಲಿಗೆ ಅಂಟಿ ಬೋಳು ಮೀನು ಮೇಲೆ ಬರುತ್ತದೆ. ಗ್ಯಾಸ್ ಆರಿಸಿ ತಟ್ಟೆಗೆ ಹಾಕಿ, ಅಡುಗೆಮನೆಯ ಲೈಟು ಆರಿಸಿ ಹೊರಗೆ ಬನ್ನಿ. ಲೈಟು ಉರಿಯುತ್ತಿದ್ದರೆ ಹಿಂದೆ ತಿರುಗಿ ನೋಡಬೇಕು ಅನ್ನಿಸುತ್ತದೆ.

ಕಳೆದ ವರ್ಷ ಇದೇ ಕ್ರಮದಲ್ಲಿ ಕೂತೆವು. ಮೂರನೇ ದೋಸೆಯ ಹೊತ್ತಿಗೆ ಅವಳು ಅಭ್ಯಾಸಬಲದಿಂದ ಸೌಟು ಹಿಡಿದು ನನಗೆ ಬಡಿಸಲು ಎದ್ದಳು. ಕೂತಲ್ಲಿಂದಲೇ ಪಾತ್ರೆ ಅವಳ ಕಡೆಗೆ ದೂಡಿದೆ. "ಓ, ಏಳ್ಲಿಕ್ಕಿಲ್ಲ ಅಲ್ವಾ" ಅಂತ ನಕ್ಕು ಕೂತಳು.

ಪಾತ್ರೆ ತೊಳೆಯುವ ಕೆಲಸ ಬೆಳಿಗ್ಗೆಗೆ ಇರಲಿ, ಸಿಂಕಿನಲ್ಲಿ ನೀರು ತುಂಬಿಸಿ ಬಿಟ್ಟರೆ ಸಾಕು. ಆದರೆ ಮೀನಿನ ಎಲುಬನ್ನು ಎಲೆಯಲ್ಲಿ ಕಟ್ಟಿ ಬೆಕ್ಕಿಗೆ ಸಿಗದ ಕಡೆ ಇಡಿ. ಪಾಯಸವನ್ನು ಬಟ್ಟಲಿಗೆ ಹಾಕುವ ಮೊದಲೇ ಒಂದು ಲೋಟ ತೆಗೆದು ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಇಟ್ಟುಬಿಡಿ. ಹನ್ನೆರಡೂವರೆಗೆ ಆಟ ಮುಗಿಸಿ ಬರುವ ಅಮ್ಮ ಚಪ್ಪಲಿ ಕಳಚುವ ಮೊದಲೇ ಕೇಳುತ್ತಾರೆ, "ಪಾಯಸ ಉಂಟಾ?"